ಹಾಡು ಅಜ್ಜಿಗೆ ಕೇಳಿಸ್ತಾ, ನಮಗೆ ಮಾತ್ರಾನಾ? ಒಂದು ಕಿರುಚಿತ್ರದ ಸದ್ದಿನ ಪ್ರಕರಣ

"ಆ ಅಜ್ಜಿಗೆ ತಲೆ ಸರಿ ಇಲ್ವಾ?"

ಸಿನಿಮಾ ಮುಗಿದು ದೀಪ ಹಾಕಿದ ಮೇಲೆ ಬಂದ ಮೊದಲ ಪ್ರಶ್ನೆ ಇದು. ಕೇಳಿದವರು ತಮಾಷೆಗೆ ಕೇಳಿದ್ದಲ್ಲ. ಶಿವಮೊಗ್ಗದ ಒಂದು ಸಣ್ಣ ಹಾಲ್‌ನಲ್ಲಿ ಸುಮಾರು 40 ಜನ ಕೂತಿದ್ದರು, ಅರ್ಧಕ್ಕರ್ಧ ನಮ್ಮ ಪರಿಚಯದವರೇ. ಮೈಕ್ ಹಿಡಿದು ನಿಂತಿದ್ದ ನಿರ್ದೇಶಕ ನನ್ನ ಮುಖ ನೋಡಿದ. ಸೌಂಡ್ ಮಾಡಿದವನು ನಾನು. ನಾನು ನೆಲ ನೋಡಿದೆ.

ಇಲ್ಲಿ ಬರೆಯುತ್ತಿರುವುದು ಆ ಒಂದು ಪ್ರಶ್ನೆಯ ಹಿಂದೆ ಬಿದ್ದು ನಾವು ಏನೇನು ಮಾಡಿದೆವು ಅನ್ನೋದರ ಕತೆ. ತಂಡದವರ ಹೆಸರು, ಮನೆ, ಊರು ಬಿಟ್ಟಿದ್ದೇನೆ. ಸಿನಿಮಾದ ಹೆಸರನ್ನೂ ಹೇಳುವುದಿಲ್ಲ. ಒಂದೆರಡು ಗುರುತು ಬೇಕಂತಲೇ ಬದಲಿಸಿದ್ದೇನೆ. ಸದ್ದಿನ ವಿಷಯದಲ್ಲಿ ಮಾತ್ರ ಏನೂ ಬದಲಿಸಿಲ್ಲ, ನನ್ನ ತಪ್ಪುಗಳನ್ನೂ ಸೇರಿಸಿ.

ಸಿನಿಮಾ ಏನು

23 ನಿಮಿಷದ ಚಿತ್ರ. ಹೊಸನಗರದ ಕಡೆಯ ಒಂದು ಹಳೇ ಹಂಚಿನ ಮನೆಯಲ್ಲಿ ದೀಪಾವಳಿ ಕಳೆದ ಮೇಲೆ ನಾಲ್ಕು ದಿನ ಚಿತ್ರೀಕರಣ. ಅಡಿಕೆ ತೋಟದ ನಡುವೆ ಒಂಟಿ ಮನೆ. ಅಲ್ಲಿರುವ ಅಜ್ಜಿಯ ಗಂಡ ಸತ್ತು ವರ್ಷ ತುಂಬಿಲ್ಲ, ಹಾಗಾಗಿ ಆ ಮನೆಯಲ್ಲಿ ಈ ಸಲ ಹಬ್ಬ ಇಲ್ಲ. ಬೆಂಗಳೂರಿಂದ ಮಗ ಬಂದಿದ್ದಾನೆ. ತೋಟ ಮಾರುವ ಕಾಗದ ಬ್ಯಾಗಿನಲ್ಲಿದೆ, ಅಮ್ಮನಿಗೆ ಹೇಳಲು ಬಾಯಿ ಬರುತ್ತಿಲ್ಲ. ರಾತ್ರಿ ಅವಳು ಒಳಜಗಲಿಯಲ್ಲಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದಾಳೆ. ಆಗ ದೂರದಲ್ಲಿ ಅಂಟಿಗೆ-ಪಂಟಿಗೆಯವರ ಹಾಡು. ಹಬ್ಬ ಇಲ್ಲದ ಮನೆಗೆ ಅವರು ಬರಲಾರರು ಅಂದುಕೊಂಡಿದ್ದಳು. ಹಾಡು ಹತ್ತಿರ ಬರುತ್ತದೆ. ಅವಳು ಎದ್ದು, ಅಗುಳಿ ತೆಗೆದು, ಅವರ ದೀಪಕ್ಕೆ ಎಣ್ಣೆ ಹಾಕುತ್ತಾಳೆ. ಮಗ ಒಳಗಿಂದ ನೋಡುತ್ತಾನೆ. ಅಷ್ಟೇ.

ಮಲೆನಾಡಿನವರಿಗೆ ಅಂಟಿಗೆ-ಪಂಟಿಗೆ ಹೇಳಿಕೊಡಬೇಕಿಲ್ಲ. ಬೇರೆ ಕಡೆಯವರಿಗೆ ಒಂದು ಮಾತು: ದೀಪಾವಳಿ ರಾತ್ರಿಗಳಲ್ಲಿ ಗಂಡಸರ ಒಂದು ಗುಂಪು ದೀಪ ಹಿಡಿದು, ಹಾಡುತ್ತಾ ಮನೆಯಿಂದ ಮನೆಗೆ ಹೋಗುತ್ತದೆ. ಬಾಗಿಲು ತೆಗೆಸುವುದಕ್ಕೂ ಹಾಡೇ. ಮನೆಯವರು ದೀಪಕ್ಕೆ ಎಣ್ಣೆ ಹಾಕಿ, ಕೈಲಾದಷ್ಟು ಅಕ್ಕಿಯೋ ದುಡ್ಡೋ ಕೊಟ್ಟು ಕಳಿಸುತ್ತಾರೆ.

ಅಂದರೆ ಇಡೀ ಸಿನಿಮಾ ನಿಂತಿರುವುದು ಒಂದು ಸದ್ದಿನ ಮೇಲೆ. ಆ ಹಾಡು ಅವಳ ಕಿವಿಗೆ ನಿಜವಾಗಿ ಬಿದ್ದರೆ ಕತೆ ಇದೆ. ಬೀಳದಿದ್ದರೆ ಅಜ್ಜಿಗೆ ತಲೆ ಸರಿ ಇಲ್ಲ.

ಎರಡು ಹೆಸರು

ಸಿನಿಮಾ ಓದಿದವರು ಇದನ್ನು ಡೈಜೆಟಿಕ್, ನಾನ್-ಡೈಜೆಟಿಕ್ ಅನ್ನುತ್ತಾರೆ. ಡೈಜೆಸಿಸ್ ಅಂದರೆ ಗ್ರೀಕ್‌ನಲ್ಲಿ ಕತೆ ಹೇಳುವುದು. ಕತೆಯ ಲೋಕದ ಒಳಗೇ ಹುಟ್ಟುವ ಸದ್ದು ಡೈಜೆಟಿಕ್: ಮಾತು, ಹೆಜ್ಜೆ, ಮಳೆ, ರೇಡಿಯೊ. ಸದ್ದು ಮಾಡುವ ವಸ್ತು ತೆರೆಯ ಮೇಲೆ ಕಾಣಲೇಬೇಕು ಅಂತಿಲ್ಲ, ಗುಡ್ಡದ ಆಚೆ ಬಾರಿಸುವ ಚಂಡೆಯೂ ಡೈಜೆಟಿಕ್ಕೇ. ನಮಗೆ, ಅಂದರೆ ನೋಡುವವರಿಗೆ ಮಾತ್ರ ಕೇಳಿಸುವುದು ನಾನ್-ಡೈಜೆಟಿಕ್: ಹಿನ್ನೆಲೆ ಸಂಗೀತ, ಕತೆಯಲ್ಲಿ ಇಲ್ಲದ ನಿರೂಪಕನ ದನಿ. 'ಚೋಮನ ದುಡಿ'ಯಲ್ಲಿ ಚೋಮ ತನ್ನ ಕೈಯಾರೆ ಬಾರಿಸುವ ದುಡಿ ಅವನಿಗೂ ಕೇಳಿಸುತ್ತದೆ, ಅವನ ಮಕ್ಕಳಿಗೂ ಕೇಳಿಸುತ್ತದೆ. ಅದೇ ದುಡಿಯ ಪೆಟ್ಟನ್ನು ಯಾರೂ ಬಾರಿಸದ ಒಂದು ಹೊಲದ ದೃಶ್ಯದ ಮೇಲೆ ಯಾರಾದರೂ ಹಾಕಿದರೆ, ಪೆಟ್ಟು ಅದೇ ಆದರೂ ಅದು ಬೇರೆ ಸದ್ದು.

ನಮ್ಮ ತಂಡದಲ್ಲಿ ಈ ಪದಗಳು ಯಾರ ಬಾಯಲ್ಲೂ ನಿಲ್ಲಲಿಲ್ಲ. ಮೊದಲು 'ಒಳಗಿನ ಸದ್ದು', 'ಹೊರಗಿನ ಸದ್ದು' ಅಂತ ಕರೆದೆವು. ಅದು ಇನ್ನೂ ಗೊಂದಲ. ಯಾಕೆಂದರೆ ಅಜ್ಜಿ ಮನೆ ಒಳಗೆ ಕೂತಿದ್ದಾಳೆ, ಹಾಡು ಮನೆ ಹೊರಗೆ ಇದೆ, ಆದರೆ ಅದು 'ಒಳಗಿನ ಸದ್ದು'! ಎಡಿಟರ್ ಎರಡು ದಿನ ತಲೆ ಕೆರೆದುಕೊಂಡು ಕೊನೆಗೆ ಟೈಮ್‌ಲೈನ್‌ನಲ್ಲಿ ಹಳದಿ ಟ್ರ್ಯಾಕಿಗೆ 'ಅಜ್ಜಿ ಸದ್ದು', ನೀಲಿ ಟ್ರ್ಯಾಕಿಗೆ 'ನಮ್ ಸದ್ದು' ಅಂತ ಹೆಸರಿಟ್ಟ. ಆಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಾನೂ ಇಲ್ಲಿ ಅದನ್ನೇ ಬಳಸುತ್ತೇನೆ.

ಹಾಲ್‌ನಲ್ಲಿ ಏನಾಯ್ತು

ಪ್ರದರ್ಶನ ಆದಮೇಲೆ ಮಂಡಕ್ಕಿ, ಚಹಾ ಇತ್ತು. ನಿರ್ದೇಶಕ ಒಬ್ಬೊಬ್ಬರನ್ನೇ ಹಿಡಿದು ಕೇಳಿದ. "ಅಜ್ಜಿ ಯಾಕೆ ಬಾಗಿಲು ತೆಗೆದ್ರು ಅಂತ ಅನ್ನಿಸ್ತು?" ಒಬ್ಬರು "ಗಂಡ ಬಂದ ಅಂದ್ಕೊಂಡ್ರು" ಅಂದರು. ಇನ್ನೊಬ್ಬರು "ಹಳೇದೆಲ್ಲ ನೆನಪಾಯ್ತು, ಆ ಹಾಡು ನೆನಪಲ್ವಾ?" ಅಂದರು. ಸಾಗರದ ಕಡೆಯ ಒಬ್ಬರಿಗೆ ಮಾತ್ರ ಹಾಡಿನ ಗುರುತು ಸಿಕ್ಕಿತ್ತು, ಅವರೂ "ಹಿನ್ನೆಲೆಗೆ ಅಂಟಿಗೆ-ಪಂಟಿಗೆ ಹಾಕಿದ್ದು ಚೆನ್ನಾಗಿದೆ" ಅಂದುಬಿಟ್ಟರು. ಬಾಗಿಲು ತೆಗೆದಾಗ ನಿಜವಾಗಿಯೂ ನಾಲ್ಕು ಜನ ದೀಪ ಹಿಡಿದು ನಿಂತಿರುತ್ತಾರೆ, ಅದು ತೆರೆಯ ಮೇಲೆ ಕಾಣುತ್ತದೆ. ಆದರೂ ಜನ ಅದನ್ನು ಅವಳ ಕನಸು ಅಂದುಕೊಂಡರು.

ನನಗೆ ಮೊದಲು ಸಿಟ್ಟು ಬಂತು. ಎದುರಿಗೇ ಕಾಣುತ್ತಲ್ಲ! ಆಮೇಲೆ ಬೈಕಿನಲ್ಲಿ ಮನೆಗೆ ಹೋಗುವಾಗ ಯೋಚಿಸಿದರೆ, ತಪ್ಪು ಅವರದಲ್ಲ. ಅವರು ಕೇಳಿದ್ದಕ್ಕೆ ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು. ಹಾಡು ಹಿನ್ನೆಲೆ ಸಂಗೀತದ ಹಾಗೆ ಕೇಳಿಸುತ್ತಿದೆ. ಅಜ್ಜಿ ಅದಕ್ಕೆ ಎದ್ದು ಹೋಗುತ್ತಿದ್ದಾಳೆ. ಹಿನ್ನೆಲೆ ಸಂಗೀತ ಕೇಳಿಸಿಕೊಳ್ಳುವ ಪಾತ್ರ ಅಂದರೆ ಏನು? ಅದು ಅವಳ ತಲೆಯೊಳಗಿನ ಹಾಡು ಅಂತ ತಾನೇ? ಒಂದೇ ಪಾತ್ರದ ಮನಸ್ಸಿನಲ್ಲಿ ಕೇಳಿಸುವ ಸದ್ದು ಅನ್ನುವ ಮೂರನೇ ಜಾಗ ಸಿನಿಮಾದಲ್ಲಿ ಇದ್ದೇ ಇದೆ. ನಾವು ಬೇಡ ಅಂದರೂ ಜನ ನಮ್ಮ ಹಾಡನ್ನು ಅಲ್ಲಿಗೆ ಸೇರಿಸಿಬಿಟ್ಟರು. ಒಮ್ಮೆ ಅಲ್ಲಿಗೆ ಸೇರಿಸಿದ ಮೇಲೆ, ಬಾಗಿಲಾಚೆ ನಿಂತ ನಾಲ್ಕು ಜನರೂ ಭ್ರಮೆಯೇ ಆದರು.

ಮೊದಲ ರಿಪೇರಿಗಳು, ಎಲ್ಲ ಹಾಳು

ನಾನು ತಂಡಕ್ಕೆ ಹೇಳಿದ್ದು: "ಬಿಡಿ, ಒಂದು ಪ್ಲಗಿನ್ ಹಾಕಿದ್ರೆ ಸರಿ ಹೋಗುತ್ತೆ." ಪ್ಲಗಿನ್ ಅಂದರೆ ಸದ್ದು ಬದಲಿಸುವ ಒಂದು ಸಣ್ಣ ಸಾಫ್ಟ್‌ವೇರ್. ಈ ಮಾತು ಈಗ ನನಗೇ ಚುಚ್ಚುತ್ತದೆ.

ದೂರದ ಸದ್ದಿನಲ್ಲಿ ಚೂಪು ಕಡಿಮೆ ಆಗುತ್ತದೆ. ಗಾಳಿ ಮೇಲಿನ ಫ್ರೀಕ್ವೆನ್ಸಿಗಳನ್ನು ಜಾಸ್ತಿ ತಿನ್ನುತ್ತದೆ. ಅದಕ್ಕೆ ಹಾಡಿನ ಮೇಲ್ಭಾಗ ಕತ್ತರಿಸಿ, ರಿವರ್ಬ್, ಅಂದರೆ ಮಾರ್ದನಿ, ಹಾಕಿದೆ. ಕೇಳಿದರೆ, ನಾಲ್ಕು ಜನ ಗಂಡಸರು ದೊಡ್ಡ ಬಚ್ಚಲುಮನೆಯಲ್ಲಿ ಕೂತು ಹಾಡುತ್ತಿದ್ದಾರೆ! ರಿವರ್ಬ್ ಅಂದರೆ ಗೋಡೆಗಳ ನೆನಪು. ಅಡಿಕೆ ತೋಟಕ್ಕೆ ಗೋಡೆ ಎಲ್ಲಿದೆ? ಬಯಲಿನ ದೂರ ಬೇರೆ ಥರ ಇರುತ್ತದೆ. ಗಾಳಿ ಬೀಸಿದಾಗ ಒಂದು ಸಾಲು ಸ್ಪಷ್ಟ ಬರುತ್ತದೆ, ಮುಂದಿನ ಸಾಲು ನುಂಗಿಹೋಗುತ್ತದೆ, ಗದ್ದೆ ಅಂಚಿನ ತಿರುವಿಗೆ ಬಂದಾಗ ಇದ್ದಕ್ಕಿದ್ದ ಹಾಗೆ ಹತ್ತಿರ ಆಗುತ್ತದೆ. ಅದನ್ನು ಗುಂಡಿ ತಿರುಗಿಸಿ ಮಾಡಲು ಹೋಗಿ ಒಂದು ವಾರ ಕಳೆದೆ.

ನಿರ್ದೇಶಕ ಹಾಡಿನ ವಾಲ್ಯೂಮ್ ಏರಿಸಿ ನೋಡೋಣ ಅಂದ. ಏರಿಸಿದಷ್ಟೂ ಅದು 'ನಮ್ ಸದ್ದು' ಆಗುತ್ತಾ ಹೋಯ್ತು. ಮಗನ ಬಾಯಲ್ಲಿ "ಅಂಟಿಗೆ-ಪಂಟಿಗೆಯವ್ರು ಬಂದ್ರು ಅನ್ಸುತ್ತೆ ಅಮ್ಮ" ಅಂತ ಒಂದು ಮಾತು ಡಬ್ ಮಾಡಿ ಸೇರಿಸೋಣ ಅಂತ ಇನ್ನೊಬ್ಬರು ಅಂದರು. ಡಬ್ ಮಾಡಿಯೂ ಆಯ್ತು. ಅರ್ಥ ಆಗುತ್ತಿತ್ತು, ಸುಳ್ಳಲ್ಲ. ಆದರೆ ಅವಳು ಒಬ್ಬಳೇ ಮೊದಲು ಕೇಳಿಸಿಕೊಳ್ಳುವ ಆ ಕ್ಷಣ ಸತ್ತೇ ಹೋಯಿತು. ತೆಗೆದು ಹಾಕಿದೆವು.

ಇದರ ನಡುವೆ ರೇಡಿಯೊ ನಮಗೊಂದು ಸುಳಿವು ಕೊಟ್ಟಿತು. ಮೊದಲ ದೃಶ್ಯದಲ್ಲಿ ಗಂಡನ ಹಳೇ ರೇಡಿಯೊ ಇದೆ. ಅವನು ಇದ್ದಾಗ ಭದ್ರಾವತಿ ಆಕಾಶವಾಣಿ ಹಾಕಿಯೇ ಇರುತ್ತಿದ್ದ ಅನ್ನೋದು ಕತೆ. ನಿಜವಾದ ಪ್ರಸಾರ ಬಳಸುವ ಹಾಗಿಲ್ಲ, ಹಕ್ಕಿನ ಪ್ರಶ್ನೆ. ಹಾಗಾಗಿ ಸಂಗೀತ ಮಾಡಿದವರೇ ಒಂದು ಭಾವಗೀತೆಯಂಥದ್ದು ಕಟ್ಟಿಕೊಟ್ಟಿದ್ದರು. ಸ್ಟುಡಿಯೊದಿಂದ ಬಂದದ್ದನ್ನು ಹಾಗೇ ಹಾಕಿದ್ದೆ, ಪೂರ್ತಿ ಸ್ಟೀರಿಯೊ, ಫಳಫಳ. ಅದನ್ನೂ ಬಹಳ ಜನ ಹಿನ್ನೆಲೆ ಹಾಡು ಅಂತಲೇ ಕೇಳಿದ್ದರು. ರೇಡಿಯೊದ ಕ್ಲೋಸಪ್ ಇದ್ದರೂ! ಈಗ ಅದನ್ನು ಮೋನೊ ಮಾಡಿ, 250 ಹರ್ಟ್ಸ್‌ನ ಕೆಳಗಿನದು, 4000ದ ಮೇಲಿನದು ಕತ್ತರಿಸಿದೆ. ಮೀಡಿಯಂ ವೇವ್‌ನಲ್ಲಿ ಸ್ಟೇಷನ್‌ಗಳ ನಡುವಿನ ಅಂತರ 9 ಕಿಲೋಹರ್ಟ್ಸ್, ಹಾಗಾಗಿ ಧ್ವನಿಗೆ ಸಿಗೋದು ಹೆಚ್ಚುಕಡಿಮೆ ಅದರ ಅರ್ಧ. ಅಂಗೈಯಗಲದ ಸ್ಪೀಕರಿನಲ್ಲಿ ಕೆಳಸ್ವರ ಹೇಗೂ ಬರುವುದಿಲ್ಲ. ಕ್ಯಾಮೆರಾ ಅಡುಗೆಮನೆಗೆ ಹೋದಾಗ ಇನ್ನೂ ಮಂಕು ಮಾಡಿದೆ. ಪರವಾಗಿಲ್ಲ ಅನ್ನಿಸಿತು.

ಆದರೆ ಪೂರ್ತಿ ಕೆಲಸ ಆದದ್ದು ಹಾಡು ತೆಗೆದು ಅಡಿಕೆ ಧಾರಣೆ ಹಾಕಿದಾಗ. "ಸರಕು, ಬೆಟ್ಟೆ, ರಾಶಿ, ಗೊರಬಲು" ಅಂತ ಅಡಿಕೆಯ ಬಗೆಗಳ ಹೆಸರನ್ನು ಒಬ್ಬ ಗೆಳೆಯನ ಹತ್ತಿರ ಬೇಸರದ ದನಿಯಲ್ಲಿ ಓದಿಸಿದೆವು. 'ರಾಶಿ' ಅನ್ನುವ ಹೊತ್ತಿಗೆ ಅಜ್ಜಿ ಹೋಗಿ ರೇಡಿಯೊ ಆರಿಸುತ್ತಾಳೆ, ರೇಟು ಹೇಳುವ ಮುಂಚೆಯೇ. ಆ ಆರಿಸುವ ಶಾಟ್ ಮೊದಲಿಂದ ಇತ್ತು. ಈಗ ಅದಕ್ಕೆ ಅರ್ಥ ಬಂತು. ಅವಳಿಗೆ ಕೇಳಿಸಿದ್ದಕ್ಕೇ ಆರಿಸಿದಳು. ಫಿಲ್ಟರ್‌ಗಿಂತ ಜಾಸ್ತಿ ಅವಳ ಬೆರಳು ಹೇಳಿತು. ಇದು ಆಗ ನನಗೆ ಅರೆಬರೆ ಹೊಳೆದಿತ್ತು ಅಷ್ಟೇ.

ಕರೆಂಟ್ ಹೋಗಲಿ ಅಂತ ಕಾದ ರಾತ್ರಿ

ಫೆಬ್ರವರಿ ಕೊನೆ ವಾರ ಮತ್ತೆ ಅದೇ ಮನೆಗೆ ಹೋದೆವು. 1973ರ ಹಾಲಿವುಡ್ ಸಿನಿಮಾ 'ಅಮೆರಿಕನ್ ಗ್ರಾಫಿಟಿ'ಗೆ ಸೌಂಡ್ ಡಿಸೈನರ್ ವಾಲ್ಟರ್ ಮರ್ಚ್ ಮಾಡಿದ ಕೆಲಸ ಸೌಂಡಿನವರಿಗೆಲ್ಲ ಗೊತ್ತು. ಕಾರಿನ ರೇಡಿಯೊಗಳಲ್ಲಿ ಕೇಳಿಸುವ ಹಾಡುಗಳನ್ನು ಸ್ಪೀಕರಿನಲ್ಲಿ ಬಯಲಲ್ಲಿ ನುಡಿಸಿ, ದೂರದಿಂದ ಮತ್ತೆ ರೆಕಾರ್ಡ್ ಮಾಡಿಕೊಂಡರು. ಜಾಗವೇ ಸದ್ದಿಗೆ ಬಣ್ಣ ಕೊಡುತ್ತದೆ. ನಾವೂ ಒಂದು ದೊಡ್ಡ ಸ್ಪೀಕರ್ ಹೊತ್ತು ತೋಟದ ಆಚೆ ಇಟ್ಟೆವು, ಮೈಕ್ ಅಜ್ಜಿ ಕೂತ ಜಾಗದಲ್ಲಿ.

ಒಂದು ಮರೆತಿದ್ದೆವು. ಬೇಸಿಗೆ ಶುರುವಾಗಿತ್ತು, ತೋಟಕ್ಕೆ ನೀರು. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಇಡೀ ಕಣಿವೆಯ ಮೋಟರ್‌ಗಳು ಒಟ್ಟಿಗೆ ಶುರು. ಗುಂಯ್ ಅಂತ. ಹಗಲಲ್ಲಿ ರೆಕಾರ್ಡ್ ಮಾಡೋಣ ಅಂದರೆ ಹಕ್ಕಿಗಳು. ಹುಟ್ಟಿದಾಗಿಂದ ಕರೆಂಟ್ ಹೋದಾಗ ಬೈದವರು ನಾವು, ಅವತ್ತು ಜಗಲಿಯಲ್ಲಿ ಕೂತು ಕರೆಂಟ್ ಹೋಗಲಿ ಅಂತ ಕಾದೆವು. ಮನೆಯವರು "ನೀವು ಬಂದಿದ್ದೀರಿ ಅಂತಲೇ ಇವತ್ತು ಹೋಗೂದಿಲ್ಲ ಕಾಣಿ" ಅಂತ ನಗಾಡಿದರು. ಒಂದೂವರೆಗೆ ಹೋಯಿತು. ಓಡಿದೆವು.

ಸ್ಪೀಕರಿನ ಹಾಡು ಬಯಲಲ್ಲಿ ಚೆನ್ನಾಗಿಯೇ ಬಂತು. ಆದರೆ ಅದು ಒಂದೇ ಕಡೆ ನಿಂತಿತ್ತು. ಹಾಡುವವರು ನಡೆಯುತ್ತಾರೆ. ನಡೆಯುವಾಗ ಉಸಿರು ತಪ್ಪುತ್ತದೆ, ಒಬ್ಬ ಮುಂದೆ ಹೋಗುತ್ತಾನೆ, ಒಬ್ಬ ಕಾಲುಸಂಕದ ಹತ್ತಿರ ಹಾಡು ಬಿಟ್ಟು "ಹುಷಾರಾ" ಅನ್ನುತ್ತಾನೆ. ಅಲ್ಲಿದ್ದ ನಾಲ್ಕು ಜನರನ್ನೇ ಎಬ್ಬಿಸಿ ಟಾರ್ಚ್ ಕೊಟ್ಟು ತೋಟದ ಆಚೆಯಿಂದ ಅಂಗಳದವರೆಗೆ ಹಾಡುತ್ತಾ ಬನ್ನಿ ಅಂದೆವು. ಮುಂಬಾಗಿಲು ಹಾಕಿಕೊಂಡು ನಾನು ಒಳಗೆ. ಅವರು ಅಂಗಳ ಮುಟ್ಟಿದಾಗ ಅಗುಳಿ ತೆಗೆದೆ. ಬಾಗಿಲು ತೆರೆದ ಕೂಡಲೇ ಸದ್ದು ಮುಖಕ್ಕೆ ಬಡಿಯಿತು ನೋಡಿ, ಅಲ್ಲೇ ನಾಚಿಕೆ ಆಯ್ತು. ಮೊದಲ ಸಲ ನಾನು ಮಾಡಿದ ಮಿಕ್ಸ್‌ನಲ್ಲಿ ಬಾಗಿಲು ತೆರೆಯುವ ಮುಂಚೆಯೂ, ತೆರೆದ ಮೇಲೂ ಹಾಡು ಒಂದೇ ಥರ ಇತ್ತು. ಹಲಗೆ ಬಾಗಿಲು ಇದ್ದೂ ಇಲ್ಲದ ಹಾಗೆ ಹಾಡು ಹಾದುಹೋಗುತ್ತಿತ್ತು. ಹಿನ್ನೆಲೆ ಸಂಗೀತ ಮಾತ್ರ ಹಾಗೆ ಹಾದುಹೋಗುವುದು.

ಇನ್ನೊಂದು ವಿಷಯ ಅವತ್ತು ಬೆಳಗಿನ ಜಾವ ಹೆಡ್‌ಫೋನ್‌ನಲ್ಲಿ ಗೊತ್ತಾಯಿತು. ಈ ಹೊಸ ಹಾಡು ಸಿನಿಮಾದ ಹಿನ್ನೆಲೆ ಸಂಗೀತದ ಜೊತೆ ಶ್ರುತಿಗೆ ಸೇರುತ್ತಿಲ್ಲ, ಕಿವಿ ಕೆರೆಯುತ್ತಿದೆ. ಹಾಗಾದರೆ ಹಳೇ ಹಾಡು ಹೇಗೆ ಸೇರಿತ್ತು? ಸಂಗೀತ ಮಾಡಿದವರಿಗೆ ಫೋನ್ ಮಾಡಿ ಕೇಳಿದರೆ, "ನಾನೇ ಶ್ರುತಿ ಕೊಟ್ಟು ಹಾಡಿಸಿದ್ದೆ ಅಲ್ವಾ ಅಣ್ಣ, ಇಲ್ದಿದ್ರೆ ತಂಬೂರಿ ಜೊತೆ ಒದ್ದಾಡ್ತಿತ್ತು" ಅಂದರು.

ಅಲ್ಲಿತ್ತು ರೋಗ. ಹಾಡು ಬರುವ ಮುಂಚಿನ ನಾಲ್ಕು ನಿಮಿಷ ಅವರದ್ದೇ ತಂಬೂರಿ, ಕೊಳಲು. ಅದೇ ಶ್ರುತಿಯಲ್ಲಿ, ಅದೇ ಮೈಕಿನ ಮುಂದೆ, ನಿಂತು ಹಾಡಿದ ಹಾಡು ಅದರೊಳಗಿಂದಲೇ ಎದ್ದುಬಂದ ಹಾಗೆ ಕೇಳಿಸುತ್ತಿತ್ತು. ಎಷ್ಟು ಚಂದ ಹೊಂದಿಕೊಂಡಿತ್ತೋ ಅಷ್ಟೂ ತಪ್ಪು. ತೋಟದ ದಾರಿಯಲ್ಲಿ ಬರುವವರಿಗೆ ನಮ್ಮ ತಂಬೂರಿಯ ಶ್ರುತಿ ಹೇಗೆ ಗೊತ್ತಿರಬೇಕು?

ನಾಲ್ಕು ನಿಮಿಷದ ಜಗಳ

ಆ ತಂಬೂರಿ, ಕೊಳಲು ತೆಗೆಯಬೇಕು ಅಂತ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ನೊಂದುಕೊಂಡರು. ದುಡ್ಡು ತೆಗೆದುಕೊಳ್ಳದೆ ಮಾಡಿದ ಕೆಲಸ ಬೇರೆ. ನಮ್ಮ ನಿರ್ದೇಶಕ, ಹಿಚ್‌ಕಾಕ್ 1963ರಲ್ಲಿ 'ದ ಬರ್ಡ್ಸ್' ಅನ್ನು ರೂಢಿಯ ಹಿನ್ನೆಲೆ ಸಂಗೀತವೇ ಇಲ್ಲದೆ ಮಾಡಿದ್ದು ಹೇಳಿ ಸಮಾಧಾನ ಮಾಡಲು ಹೋದ. "ಅವರು ಸಂಗೀತದವನನ್ನ ಕರೆದು ಹಾಡಿಸಿ ಆಮೇಲೆ ತೆಗೆದಿದ್ದಾ?" ಅಂತ ಇವರು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಕೊನೆಗೆ ವಾದ ಬಿಟ್ಟು ಎರಡೂ ತೋರಿಸಿದೆ. ಒಂದರಲ್ಲಿ ಹೊಸ ಹಾಡು, ಹಿಂದೆ ತಂಬೂರಿ ಹಾಗೇ. ಇನ್ನೊಂದರಲ್ಲಿ ಮಗ ಫೋನ್ ಹಿಡಿದು ಒಳಗೆ ಹೋದ ಕೂಡಲೇ ಸಂಗೀತ ನಿಂತು, ಆಮೇಲೆ ಪೂರ್ತಿ ಒಂದು ನಿಮಿಷ ಬರೀ ರಾತ್ರಿಯ ಸದ್ದು. ಚಿತ್ರೀಕರಣದ ದಿನ ಮೂರು ನಿಮಿಷ ಸುಮ್ನೆ ಹುಳದ ಸದ್ದು ರೆಕಾರ್ಡ್ ಮಾಡಿಟ್ಟಿದ್ದೆ, ಎಲ್ಲರೂ ಬೈದಿದ್ದರು ಹೊತ್ತಾಯ್ತು ಅಂತ. ಅದು ಈಗ ಕೈ ಹಿಡಿಯಿತು. ಅವರು ಎರಡನೆಯದನ್ನು ಎರಡು ಸಲ ನೋಡಿ, "ನಿಲ್ಲಿಸೋದಾದ್ರೆ ಸುಮ್ನೆ ಇಳಿಸ್ಬೇಡಿ, ಮಗ ಬಾಗಿಲು ಎಳೆದಾಗ ಕತ್ತರಿಸಿ" ಅಂದರು. ಅವರ ಮಾತೇ ಸರಿ. ಮೆಲ್ಲಗೆ ಇಳಿದರೆ ಸಂಗೀತ ಇನ್ನೂ ಎಲ್ಲೋ ಇದೆ ಅನ್ನಿಸುತ್ತದೆ. ಬಾಗಿಲ ಸದ್ದಿಗೆ ಕತ್ತರಿಸಿದರೆ ನೋಡುವವರಿಗೆ ಗೊತ್ತಾಗುತ್ತದೆ: ಇನ್ನು ಕೇಳಿಸುವುದೆಲ್ಲ ಈ ಮನೆಯದು.

ಆದರೂ ಏನೋ ಕೊರತೆ. ಹಾಡು ಈಗ ನಿಜವಾಗಿ ತೋಟದ ಆಚೆಯಿಂದ ಬರುತ್ತಿತ್ತು. ಆದರೆ ಅಜ್ಜಿ ಅದನ್ನು ಕೇಳಿಸಿಕೊಂಡ ಹಾಗೆ ಕಾಣುತ್ತಿರಲಿಲ್ಲ.

ತಿಪ್ಪೆಗೆ ಎಸೆದ ಟೇಕ್

ಬಳಸಿದ್ದ ಟೇಕಿನಲ್ಲಿ ಅಜ್ಜಿಯ ಪಾತ್ರ ಮಾಡಿದ ಆಕೆ ಅಡಿಕೆ ಸುಲಿಯುತ್ತಾ ಸುಲಿಯುತ್ತಾ ಟಕ್ ಅಂತ ಬಾಗಿಲ ಕಡೆ ತಿರುಗುತ್ತಾರೆ. ನಾವೇ ಹೇಳಿದ್ದು ಹಾಗೆ: "ಹಾಡು ಕೇಳ್ತು ಅಂದ್ಕೊಂಡು ಆ ಕಡೆ ನೋಡಿ ದೊಡ್ಡಮ್ಮ." ಆಕೆ ನಟಿಯಲ್ಲ, ಅದೇ ಸೀಮೆಯವರು, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದರು. ಅಷ್ಟು ಬೇಗ ತಿರುಗುವುದು ಯಾರೋ ಹೆಸರು ಹಿಡಿದು ಕರೆದಾಗ. ದೂರದ ಸದ್ದಿಗೆ ಯಾರೂ ಹಾಗೆ ತಿರುಗುವುದಿಲ್ಲ.

ಎಡಿಟರ್ ಒಂದು ಸಂಜೆ ಫೋನ್ ಮಾಡಿ "ಆ ಜೀಪಿನ ಟೇಕ್ ನೆನಪಿದ್ಯಾ?" ಅಂದ. ನೆನಪಿತ್ತು. ಅದರ ಮೇಲೆ ನಾನೇ ಎನ್‌ಜಿ (ನೋ ಗುಡ್, ಬಳಸಲು ಬರಲ್ಲ) ಅಂತ ಬರೆದಿದ್ದೆ. ಟೇಕಿನ ನಡುವೆ ರಸ್ತೆಯಲ್ಲಿ ಯಾವುದೋ ಜೀಪು ಗೇರ್ ಬದಲಿಸುತ್ತಾ ಘಾಟಿ ಹತ್ತಿತ್ತು. ಸೌಂಡ್ ಹಾಳು ಅಂತ ನಾನು ಕೂಗಿ ನಿಲ್ಲಿಸಿದ್ದೆ.

ಹೋಗಿ ನೋಡಿದೆ. ಆಕೆ ಸುಲಿಯುತ್ತಿದ್ದಾರೆ. ಸಿಪ್ಪೆ ಹರಿಯುವ ಚರಕ್, ಅಡಿಕೆ ಡಬ್ಬಕ್ಕೆ ಬೀಳುವ ಟಣ್. ಚರಕ್, ಟಣ್. ಚರಕ್. ಮುಂದಿನ ಟಣ್ ಬರುವುದಿಲ್ಲ. ಸುಲಿದ ಅಡಿಕೆ ಎರಡು ಬೆರಳ ನಡುವೆ ಹಾಗೇ ನಿಂತಿದೆ. ಆಕೆ ಬಾಗಿಲು ನೋಡುವುದಿಲ್ಲ. ಏನನ್ನೂ ನೋಡುವುದಿಲ್ಲ. ಕಣ್ಣು ನೆಲದ ಮೇಲೆ ಎಲ್ಲೋ ಇದೆ, ಗಲ್ಲ ಒಂದಿಷ್ಟೇ ಮೇಲೆ, ಬಾಯಿ ಕೊಂಚ ತೆರೆದಿದೆ. ಒಂಬತ್ತು ಸೆಕೆಂಡ್. ಆಮೇಲೆ "ಯಾರದ್ದೋ ಜೀಪು ಬಂತು ಮಾರಾಯಾ" ಅನ್ನುತ್ತಾರೆ. ನಾನು ಕಟ್ ಅಂತ ಕೂಗುತ್ತೇನೆ.

ಮನುಷ್ಯರು ನಿಜವಾಗಿ ಕೇಳಿಸಿಕೊಳ್ಳುವಾಗ ಹೀಗೇ ಇರುತ್ತಾರೆ ಅಲ್ವಾ? ಕೈ ನಿಲ್ಲುತ್ತದೆ. ಕೈ ನಿಂತರೆ ಕೈಯ ಸದ್ದು ನಿಲ್ಲುತ್ತದೆ. ಆ ಖಾಲಿಗೆ ನೋಡುವವರೂ ಕಿವಿ ಕೊಡುತ್ತಾರೆ, ಕೊಡದೆ ವಿಧಿಯಿಲ್ಲ.

ಆ ಟೇಕಿನ ಆರು ಸೆಕೆಂಡ್ ತೆಗೆದುಕೊಂಡೆವು. ಮಾತಿಲ್ಲದ್ದರಿಂದ ಅದರ ಸದ್ದು ಪೂರ್ತಿ ಕಿತ್ತು ಹೊಸದಾಗಿ ಕಟ್ಟಿದೆ. ಹುಳದ ಸದ್ದು ಇತ್ತು. ಸುಲಿಯುವ ಸದ್ದಿಗೆ ಹಸಿ ಅಡಿಕೆ ಮುಗಿದುಹೋಗಿತ್ತು. ಬಾಳೆದಿಂಡಿನ ಪಟ್ಟೆ ಕತ್ತಿಗೆ ಕೊಟ್ಟು ಸೀಳಿದರೆ ಹತ್ತಿರ ಹತ್ತಿರ ಅದೇ ಚರಕ್. ಟಣ್‌ಗೆ ಒಣ ಅಡಿಕೆ ರಾತ್ರಿ ನೀರಲ್ಲಿ ನೆನೆಹಾಕಿ ಡಬ್ಬಕ್ಕೆ ಹಾಕಿದೆ. ಮೊದಲ ಸಲ ಖಾಲಿ ಡಬ್ಬಕ್ಕೆ ಹಾಕಿ ಎಡವಟ್ಟಾಯ್ತು, ಶಾಟ್‌ನಲ್ಲಿ ಡಬ್ಬ ಅರ್ಧ ತುಂಬಿದೆ. ಅರ್ಧ ತುಂಬಿದ ಡಬ್ಬಕ್ಕೆ ಬಿದ್ದರೆ ಟಣ್ ಅಲ್ಲ, ಟಪ್. ಇದನ್ನು ತೋರಿಸಿದ್ದು ಆ ಮನೆಯ ಒಬ್ಬ ಹುಡುಗ.

ಹಾಡನ್ನು ಎಲ್ಲಿ ಶುರು ಮಾಡಬೇಕು ಅನ್ನೋದಕ್ಕೆ ಇನ್ನೊಂದು ದಿನ ಹೋಯ್ತು. ಕೈ ನಿಂತ ಮೇಲೆ ಹಾಡು ಬಂದರೆ ಆಕೆಗೆ ಮೊದಲೇ ಗೊತ್ತಿದ್ದ ಹಾಗೆ. ತುಂಬ ಮುಂಚೆ ಬಂದರೆ ಆಕೆಗೆ ಕಿವಿ ಮಂದ ಅನ್ನುವ ಹಾಗೆ. ಕೊನೆಗೆ ಎರಡು ಸುಲಿತ ಮುಂಚೆ, ಚರಕ್‌ಗಳ ಅಡಿಯಲ್ಲಿ, ಇದೆಯೋ ಇಲ್ಲವೋ ಅನ್ನುವಷ್ಟು ಹಾಡು ಇಟ್ಟೆವು. ಕೈ ನಿಂತಾಗ ಅದರ ವಾಲ್ಯೂಮ್ ಒಂದು ಕೂದಲೂ ಏರಿಸಿಲ್ಲ. ಆದರೂ ಅಲ್ಲಿ ಏರಿದ ಹಾಗೆ ಕೇಳಿಸುತ್ತದೆ.

ಎರಡನೇ ಪ್ರದರ್ಶನ

ಏಪ್ರಿಲ್‌ನಲ್ಲಿ ಮತ್ತೆ ತೋರಿಸಿದೆವು. ಹಾಲ್ ಅದೇ, ಜನ ಬಹುತೇಕ ಬೇರೆಯವರು. ಕೈ ನಿಂತಾಗ ಮುಂದಿನ ಸಾಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದವರೊಬ್ಬರು ಪೊಟ್ಟಣದಲ್ಲಿ ಕೈ ಇಟ್ಟವರು ಹಾಗೇ ತಡೆದರು. ನಾನು ತೆರೆ ಬಿಟ್ಟು ಅವರನ್ನೇ ನೋಡುತ್ತಿದ್ದೆ. ಅಜ್ಜಿ ಯಾಕೆ ಬಾಗಿಲು ತೆಗೆದಳು ಅಂತ ಯಾರೂ ಕೇಳಲಿಲ್ಲ. ಮಗ ಯಾಕೆ ಹೊರಗೆ ಬರಲಿಲ್ಲ ಅಂತ ಕೇಳಿದರು. ನಿರ್ದೇಶಕನಿಗೆ ಬೇಕಿದ್ದ ಪ್ರಶ್ನೆ ಅದು.

ಎಲ್ಲ ಸರಿಹೋಯ್ತು ಅಂತಲ್ಲ. ಕೊನೆಯ ಶಾಟ್ ಬೆಳಗಿನ ಖಾಲಿ ಅಂಗಳ, ಅದರ ಮೇಲೂ ಅದೇ ಹಾಡು ಮುಂದುವರಿಯುತ್ತದೆ. ಅಲ್ಲಿ ಅದು ಬೇಕಂತಲೇ 'ನಮ್ ಸದ್ದು' ಆಗುತ್ತದೆ, ಹಳದಿ ಟ್ರ್ಯಾಕಿನಿಂದ ನೀಲಿಗೆ. "ಬೆಳಿಗ್ಗೆ ತನಕ ಹಾಡ್ತಾ ಇದ್ರಾ?" ಅಂತ ಒಬ್ಬರು ಕೇಳಿದರು. ಎಡಿಟರ್ ಈಗಲೂ ತೆಗೆಯೋಣ ಅನ್ನುತ್ತಾನೆ. ಸಂಗೀತ ಮಾಡಿದವರು ಇರಲಿ ಅನ್ನುತ್ತಾರೆ, ಕೊನೆಯ ಎರಡು ಸಾಲಿಗೆ ಮೆಲ್ಲಗೆ ತಂಬೂರಿಯನ್ನೂ ಸೇರಿಸಿದ್ದಾರೆ. ಶ್ರುತಿ ಹೊಂದಿಸಲು ಈ ಸಲ ತಮ್ಮ ತಂಬೂರಿಯನ್ನೇ ತುಸು ಇಳಿಸಿದರು. ನಾನು ಇರಲಿ ಅನ್ನುವವರ ಕಡೆ.

ಮೇ ತಿಂಗಳಲ್ಲಿ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ದೊಡ್ಡಮ್ಮನಿಗೂ ತೋರಿಸಿದೆವು. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ನೋಡಿದರು. ತಮ್ಮ ಕೈ ನಿಂತ ಶಾಟ್ ಬಂದಾಗ ಬೆರಳು ತೋರಿಸಿ ಕೇಳಿದರು:

"ಇದು ಅವತ್ತು ಜೀಪು ಬಂದ ಹೊತ್ತಲ್ದನಾ? ಜೀಪು ಎಲ್ಲಿ ಹೋಯ್ತು?"

ನಿರ್ದೇಶಕ ವಿವರಿಸಲು ಶುರು ಮಾಡಿದ. ಅಷ್ಟರಲ್ಲಿ ಒಲೆ ಮೇಲಿನ ಹಾಲಿನ ಸದ್ದಿಗೆ ಅವರು ಎದ್ದು ಹೋದರು.